ಓದಿನ ಕಿರ್ದಿ

ಹಳೆಯ ಕೋಲಾರ ಸೀಮೆಯ ರೈತರ ಮನೆಗಳಲ್ಲಿ, ಬರಹ ಬಲ್ಲವರೊಬ್ಬರಿದ್ದರೆ, ಒಂದು ಕಿರ್ದಿ ಪುಸ್ತಕವೂ ಇರುತ್ತಿತ್ತು. ಮನೆಗೆ ಬಂದ ರಾಗಿ, ಮಾರಿದ ಹುಣಿಸೆ, ಕೂಲಿಗೆ ಕೊಟ್ಟ ಹಣ, ನೆರೆಯವನಿಗಿತ್ತ ಕೈಗಡ, ಎಲ್ಲವೂ ಆಯಾ ದಿನದ ಪುಟವನ್ನು ಸೇರುತ್ತಿದ್ದವು. ಅದು ಪರರಿಗೆ ತೋರಿಸುವುದಕ್ಕೆಂದು ಬರೆದ ಲೆಕ್ಕವಲ್ಲ. ತನ್ನ ಮನೆ ಎತ್ತ ಸಾಗುತ್ತಿದೆಯೆಂಬುದನ್ನು ತಾನೇ ತಿಳಿಯುವುದಕ್ಕೆ ಬರೆದದ್ದು. ಆದುದರಿಂದಲೇ ಅದರಲ್ಲಿ ಸುಳ್ಳಿಗೆ ಎಡೆಯಿರಲಿಲ್ಲ. ಓದಿದ ಪುಸ್ತಕಗಳಿಗೂ ಇಂಥದೊಂದು ಕಿರ್ದಿಯನ್ನಿಡಬಹುದೆಂಬ ಯೋಚನೆ ನಮ್ಮಲ್ಲಿ ಕೆಲವರಿಗೆ ಬರುತ್ತದೆ. ಬಂದವರಲ್ಲಿಯೂ ಅದನ್ನು ಹತ್ತಿಪ್ಪತ್ತು ವರ್ಷ ಬಿಡದೆ ನಡೆಸಿದವರು ವಿರಳ.

ಈಗಲಾದರೋ ಓದಿನ ಲೆಕ್ಕ ಕೇಳುವವರಿಗೆ ಕೊರತೆಯಿಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. 2020ರಲ್ಲಿ ಮಕ್ಕಳಿಗಾಗಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭವಾಯಿತು. ಅದೇ ವರ್ಷ ಡಿಜಿಟಲ್ ಗ್ರಂಥಾಲಯವೂ ತೆರೆಯಿತು. ಅನಂತರ ಹಳ್ಳಿಯ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ವೆಂಬ ಹೊಸ ಹೆಸರು ಬಂದಿತು. ಇವೆಲ್ಲವೂ ಒಳ್ಳೆಯ ಕೆಲಸಗಳೇ; ಬಾಗಿಲು ಮುಚ್ಚಿದ್ದ ಎಷ್ಟೋ ಕೊಠಡಿಗಳಿಗೆ ಬೆಳಕೂ ಬಣ್ಣವೂ ಬಂದುದನ್ನು ಒಪ್ಪಲೇಬೇಕು. ಆದರೆ ಇವುಗಳ ಸಫಲತೆಯನ್ನು ಹೇಳುವಾಗ ನಮ್ಮ ಮುಂದಿಡುವ ಅಂಕಿಗಳು ಯಾವುವು? ಇಷ್ಟು ಲಕ್ಷ ಸದಸ್ಯರು, ಇಷ್ಟು ಸಾವಿರ ಕೇಂದ್ರಗಳು, ಇಷ್ಟು ಗಣಕಯಂತ್ರಗಳು. ಸದಸ್ಯನಾದವನು ಏನನ್ನು ಓದಿದ, ಏನನ್ನು ಅರ್ಧಕ್ಕೆ ಬಿಟ್ಟ, ಏನನ್ನು ಕೇಳಿ ಬರಿಗೈಯಲ್ಲಿ ಹಿಂತಿರುಗಿದ ಎಂಬುದು ಈ ಅಂಕಿಗಳಲ್ಲಿಲ್ಲ. ಬಸ್ಸು ಹತ್ತಿದವರನ್ನು ಎಣಿಸಿ, ಊರು ತಲುಪಿದವರನ್ನು ಎಣಿಸದೆ ಬಿಟ್ಟಂತಾಯಿತು.

ನಾನೂ ಒಂದು ಕಿರ್ದಿಯನ್ನು ಇಟ್ಟಿದ್ದೇನೆ. 1998ರಲ್ಲಿ, ಕಾಲೇಜು ವಿದ್ಯಾರ್ಥಿಯಾಗಿದ್ದಾಗ ಮೊದಲಿಟ್ಟದ್ದು. ಇನ್ನೂರು ಪುಟದ ಉದ್ದನೆಯ ನೋಟುಪುಸ್ತಕಗಳು ಈಗ ಐದಾಗಿವೆ. ಈಚೆಗೆ ಅವನ್ನು ಮೊದಲಿನಿಂದ ತಿರುವಿಹಾಕಿದಾಗ ಎರಡು ಸಂಗತಿಗಳು ಕಂಡವು. ಮೊದಲನೆಯದು ಸಂತೋಷದ್ದು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕಾದಂಬರಿಯನ್ನು ನಾನು ಮೂರು ಸಲ ಓದಿದ್ದೇನೆ. ಮೊದಲ ಸಲ ದೊರೆಯ ಮೇಲೆ ಸಿಟ್ಟಾಗಿ ಎರಡು ಸಾಲು ಬರೆದಿದ್ದೇನೆ. ಹತ್ತು ವರ್ಷದ ಮೇಲೆ, ಅವನ ಸುತ್ತಲಿದ್ದು ಸುಮ್ಮನಿದ್ದವರ ಮೇಲೆ. ಮೂರನೆಯ ಸಲ ಯಾರ ಮೇಲೆಯೂ ಸಿಟ್ಟಿಲ್ಲ, ಗೌರಮ್ಮಾಜಿಯ ಬಗೆಗೆ ಮಾತ್ರ ಒಂದು ಮಾತಿದೆ. ಪುಸ್ತಕ ಅದೇ, ಬದಲಾದವನು ನಾನು. ಬರೆದಿಡದಿದ್ದರೆ ಈ ಬದಲಾವಣೆ ನನಗೇ ತಿಳಿಯುತ್ತಿರಲಿಲ್ಲ. ಎರಡನೆಯದು ನಾಚಿಕೆಯದು. ಅಧ್ಯಾಪಕನಾದ ಮೊದಲ ಮೂರು ವರ್ಷಗಳ ಪುಟಗಳಲ್ಲಿ ನಾನು ಓದದ ಪುಸ್ತಕಗಳ ಹೆಸರುಗಳಿವೆ. ಆಗ ಆ ನೋಟುಪುಸ್ತಕ ಕಾಲೇಜಿನ ಮೇಜಿನ ಮೇಲಿರುತ್ತಿತ್ತು. ಸಹೋದ್ಯೋಗಿಗಳು ತೆರೆದು ನೋಡಿಯಾರೆಂಬ ಅರಿವು ನನಗಿತ್ತು. ಇನ್ನೊಬ್ಬರು ನೋಡುವರೆಂದ ಕೂಡಲೇ ಕಿರ್ದಿ ಜಾಹೀರಾತಾಯಿತು.

ದೊಡ್ಡವರ ಕಿರ್ದಿಗಳು ಹೀಗಿರಲಿಲ್ಲ. ಚಾರ್ಲ್ಸ್ ಡಾರ್ವಿನ್ 1838ರಿಂದ 1860ರವರೆಗೆ ಓದಿದ ಪುಸ್ತಕಗಳನ್ನೂ ಓದಬೇಕಾದವನ್ನೂ ನೋಟುಪುಸ್ತಕಗಳಲ್ಲಿ ಬರೆದಿಟ್ಟನು. ಓದದೆ ಮೇಲೆ ಮೇಲೆ ಕಣ್ಣಾಡಿಸಿದ ಪುಸ್ತಕಕ್ಕೆ ಹಾಗೆಂದೇ ಗುರುತು ಹಾಕಿದನು. ಜಗತ್ತಿನ ಜೀವರಾಶಿಯ ಕಥೆಯನ್ನೇ ತಿದ್ದಲು ಹೊರಟವನಿಗೆ ತನ್ನ ಓದಿನ ಬಗೆಗೆ ಸುಳ್ಳು ಬೇಕಾಗಿರಲಿಲ್ಲ. ಇನ್ನೊಂದು ಕಿರ್ದಿ ನಮ್ಮ ನಂದಿಗೆ ಹತ್ತಿರದವರದು. 1927ರ ಏಪ್ರಿಲ್‌ನಿಂದ ಜೂನ್ ಮೊದಲ ವಾರದವರೆಗೆ ಗಾಂಧೀಜಿ ಆರೋಗ್ಯ ಕೆಟ್ಟು ನಂದಿಬೆಟ್ಟದ ಮೇಲೆ ವಿಶ್ರಾಂತಿ ಪಡೆದರು. 1936ರಲ್ಲಿ ಮತ್ತೊಮ್ಮೆ ಬಂದರು. ಈ ಬಂದುಹೋದ ಕಥೆ ಇಲ್ಲಿಯ ಶಾಲೆಯ ಮಕ್ಕಳಿಗೂ ಗೊತ್ತು. ಅದಕ್ಕೆ ಕೆಲವು ವರ್ಷ ಮುಂಚೆ, 1922ರಿಂದ 1924ರವರೆಗೆ ಯರವಡಾ ಸೆರೆಮನೆಯಲ್ಲಿದ್ದಾಗ, ಅವರು ಓದಿದ ಪುಸ್ತಕಗಳನ್ನು ದಿನಚರಿಯಲ್ಲಿ ಗುರುತುಹಾಕಿಡುತ್ತಿದ್ದುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಮಹಾಭಾರತ, ಗಿಬ್ಬನ್ನನ ರೋಮ್ ಚರಿತ್ರೆ ಮೊದಲಾದವು ಆ ಸೆರೆವಾಸದ ಓದು. ರಾಜ್ಯವೊಂದು ದೇಹವನ್ನು ಕೂಡಿಹಾಕಿದ್ದ ಹೊತ್ತಿನಲ್ಲಿ, ತನ್ನ ಹೊತ್ತು ತನ್ನ ಕೈಯಲ್ಲಿಯೇ ಇದೆಯೆಂಬುದಕ್ಕೆ ಆ ಚಿಕ್ಕ ನಮೂದುಗಳು ಸಾಕ್ಷಿ.

ಇಷ್ಟನ್ನು ತಿಳಿದೂ ನಾನು ಒಂದು ತಪ್ಪನ್ನು ಮಾಡಿದೆ. ಕೆಲವು ವರ್ಷಗಳ ಹಿಂದೆ, ಪದವಿಯ ಎರಡನೆಯ ವರ್ಷದ ವಿದ್ಯಾರ್ಥಿಗಳಿಗೆ ಓದಿನ ಕಿರ್ದಿಯನ್ನು ಕಡ್ಡಾಯ ಮಾಡಿದೆ. ಆಂತರಿಕ ಮೌಲ್ಯಮಾಪನದಲ್ಲಿ ಅದಕ್ಕೆ ಐದು ಅಂಕವೆಂದೂ, ಕನ್ನಡ ಪುಸ್ತಕಗಳನ್ನು ಮಾತ್ರ ಬರೆಯಬೇಕೆಂದೂ ಸಾರಿದೆ. ಅವಧಿಯ ಕೊನೆಗೆ ನೋಟುಪುಸ್ತಕಗಳ ರಾಶಿ ಬಂದಿತು. ಏನು ಅಂದ, ಏನು ಅಚ್ಚುಕಟ್ಟು! ಒಬ್ಬೊಬ್ಬರೂ ಇಪ್ಪತ್ತು ಪುಸ್ತಕ ಮುಗಿಸಿದ್ದರು. ‘ಮೂಕಜ್ಜಿಯ ಕನಸುಗಳು’ ಮೂವತ್ತು ಜನರಿಗೆ ಒಂದೇ ವಾರದಲ್ಲಿ, ಒಂದೇ ಮಾತುಗಳಲ್ಲಿ ಮೆಚ್ಚುಗೆಯಾಗಿತ್ತು. ನಮ್ಮ ಗ್ರಂಥಾಲಯದಲ್ಲಿ ಅದರ ಎರಡೇ ಪ್ರತಿಗಳಿದ್ದವು! ವಿದ್ಯಾರ್ಥಿಗಳನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ. ನನ್ನ ಮೇಜಿನ ಮೇಲಿನ ನೋಟುಪುಸ್ತಕ ನೆನಪಾಯಿತು. ಅಂಕಕ್ಕಾಗಿ ಕೇಳಿದ ಕಿರ್ದಿ ಅಂಕದ ಬೆಲೆಯದೇ ಆಗಿತ್ತು.

ಆ ರಾಶಿಯಲ್ಲಿ ಒಂದು ನೋಟುಪುಸ್ತಕ ಮಾತ್ರ ಬೇರೆಯಾಗಿತ್ತು. ಬರೆದವಳು ಶಿಡ್ಲಘಟ್ಟದ ಕಡೆಯ ಹಳ್ಳಿಯೊಂದರ ಹುಡುಗಿ. ಮನೆಯಲ್ಲಿ ರೇಷ್ಮೆ ಬೇಸಾಯ. ಒಟ್ಟು ಹನ್ನೊಂದು ನಮೂದುಗಳು. ಓದಿ ಮುಗಿಸಿದ್ದು ನಾಲ್ಕು. ಉಳಿದ ಏಳರ ಮುಂದೆಯೂ ಕಾರಣ ಬರೆದಿದ್ದಳು. ಡಿ.ವಿ.ಜಿ.ಯವರ ‘ಜ್ಞಾಪಕಚಿತ್ರಶಾಲೆ’ಯ ಮೊದಲ ಸಂಪುಟವನ್ನು ಓದಿ ಮುಗಿಸಿ, ಮುಂದಿನವನ್ನು ಮೂರು ಸಲ ಕೇಳಿದ್ದಳು, ಮೂರು ಸಲವೂ ‘ಇಲ್ಲ’. ಎಂಟು ಸಂಪುಟಗಳ ಆ ಕೃತಿಯಲ್ಲಿ ನಮ್ಮಲ್ಲಿದ್ದುದು ಒಂದೇ. ಮುಳಬಾಗಿಲಿನಲ್ಲಿ ಹುಟ್ಟಿದ, ಈ ಸೀಮೆಯವರೇ ಆದ ಡಿ.ವಿ.ಜಿ.ಯವರ ಪುಸ್ತಕದ ಗತಿ ಇದು! ಇನ್ನೊಂದು ಪುಸ್ತಕದ ಕೊನೆಯ ಹಾಳೆಗಳು ಹರಿದುಹೋಗಿದ್ದವು. ಒಂದು ಕವನಸಂಗ್ರಹ ತನಗೆ ಹಿಡಿಸಲಿಲ್ಲವೆಂದು ನೇರವಾಗಿ ಹೇಳಿದ್ದಳು. ಉಳಿದ ಎರಡರ ಮುಂದೆ ಒಂದೇ ಮಾತು: ‘ಹುಳು ನಾಲ್ಕನೆಯ ಜ್ವರ ಎದ್ದಿದೆ. ಓದಲಾಗಲಿಲ್ಲ. ಅವಧಿ ಮುಗಿದದ್ದರಿಂದ ಹಿಂತಿರುಗಿಸಿದೆ.’

ರೇಷ್ಮೆಯ ಸೀಮೆಯವರಲ್ಲದ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕು. ರೇಷ್ಮೆಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಆ ವೇಳೆಯಲ್ಲಿ ಅದು ಸೊಪ್ಪು ಮುಟ್ಟದೆ ತಲೆಯೆತ್ತಿ ನಿಶ್ಚಲವಾಗಿರುವುದನ್ನು ನಮ್ಮ ರೈತರು ‘ಜ್ವರ’ವೆನ್ನುತ್ತಾರೆ. ನಾಲ್ಕನೆಯ ಜ್ವರದಿಂದೆದ್ದ ಹುಳು ಗೂಡು ಕಟ್ಟುವವರೆಗಿನ ಒಂದು ವಾರದಲ್ಲಿ, ತನ್ನ ಜೀವಮಾನದ ಸೊಪ್ಪಿನ ಬಹುಪಾಲನ್ನು ತಿನ್ನುತ್ತದೆ. ಆಗ ಮನೆಮಂದಿಗೆಲ್ಲ ಹಗಲಿರುಳು ಕೆಲಸ. ಸೊಪ್ಪು ತರುವುದು, ಹಾಸುವುದು, ಕಸ ತೆಗೆಯುವುದು. ಆ ಬಳಿಕ ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡಬೇಕು, ಗೂಡು ಬಿಡಿಸಬೇಕು, ಮಾರುಕಟ್ಟೆಗೆ ಒಯ್ಯಬೇಕು. ನಮ್ಮ ಗ್ರಂಥಾಲಯದ ಸಾಲದ ಅವಧಿ ಹದಿನಾಲ್ಕು ದಿನ. ಹುಳುವಿನ ಪಂಚಾಂಗಕ್ಕೂ ಗ್ರಂಥಾಲಯದ ಪಂಚಾಂಗಕ್ಕೂ ಕೂಡಿಬರದೆ, ಓದುವ ಮನಸ್ಸಿದ್ದ ಹುಡುಗಿ ಎರಡು ಪುಸ್ತಕಗಳನ್ನು ತೆರೆಯದೆ ಹಿಂತಿರುಗಿಸಿದ್ದಳು. ತರಗತಿಯ ಬಹುಪಾಲು ಮಕ್ಕಳು ಇಂಥ ಮನೆಗಳಿಂದಲೇ ಬರುವವರು. ಹಲವು ವರ್ಷಗಳಿಂದ ಅಲ್ಲಿ ಪಾಠ ಹೇಳುತ್ತಿದ್ದ ನನಗಾಗಲಿ, ಗ್ರಂಥಾಲಯಕ್ಕಾಗಲಿ ಇದು ಹೊಳೆದಿರಲಿಲ್ಲ. ‘ಈಗಿನ ಹುಡುಗರು ಓದುವುದಿಲ್ಲ’ ಎಂಬ ಒಂದು ಮಾತಿನಲ್ಲಿ ನಾವೆಲ್ಲ ನೆಮ್ಮದಿಯಾಗಿದ್ದೆವು.

ಕೊನೆಯ ಪುಟದಲ್ಲಿ, ಲೆಕ್ಕಕ್ಕೆ ಸೇರಿಸದೆ, ಸೀಸದ ಕಡ್ಡಿಯಲ್ಲಿ ಒಂದು ಪ್ರಶ್ನೆಯಿತ್ತು. ಅಜ್ಜಿ ದಿನವೂ ಸಂಜೆ ಹಾಡುವ ಕೈವಾರದ ತಾತಯ್ಯನವರ ತತ್ವಪದಗಳು ತೆಲುಗಿನವು, ಅದನ್ನು ಬರೆಯಬಹುದೆ? ಕನ್ನಡ ಪುಸ್ತಕಗಳನ್ನು ಮಾತ್ರವೆಂದು ವಿಧಿಸಿದ್ದವನು ನಾನು. ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆ ಕನ್ನಡ. ಎರಡೂ ಒಂದೇ ಬಾಯಿಯಲ್ಲಿ ಹೊಂದಿಕೊಂಡಿವೆ. ಆ ಮಗುವಿನ ಸಾಹಿತ್ಯದ ಮೊದಲ ಪಾಠ ಅಜ್ಜಿಯ ಕಂಠದಲ್ಲಿತ್ತು. ನನ್ನ ಕೋಷ್ಟಕದಲ್ಲಿ ಅದಕ್ಕೆ ಮನೆಯಿರಲಿಲ್ಲ. ‘ಬರೆಯಬಹುದು, ಮೊದಲನೆಯದಾಗಿ ಬರೆಯಬೇಕಾಗಿತ್ತು’ ಎಂದು ಕೆಳಗೆ ಬರೆದು ಹಿಂದಕ್ಕೆ ಕೊಟ್ಟೆ.

ಈ ನೋಟುಪುಸ್ತಕದಿಂದ ನಾನು ಕಲಿತದ್ದು ಇಷ್ಟು: ಪ್ರಾಮಾಣಿಕವಾದ ಓದಿನ ಕಿರ್ದಿ ಓದುಗನ ಲೆಕ್ಕ ಮಾತ್ರವಲ್ಲ, ಅದು ಗ್ರಂಥಾಲಯದ ಲೆಕ್ಕಪರಿಶೋಧನೆಯೂ ಹೌದು. ನಮ್ಮ ನಾಡಿನಲ್ಲಿ ಗ್ರಂಥಾಲಯಕ್ಕೆ ಹಣವಿಲ್ಲವೆಂದಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಬಲದಿಂದ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ವಸೂಲು ಮಾಡುತ್ತವೆ. ಅದೀಗ ರೂಪಾಯಿಗೆ ಆರು ಪೈಸೆ. ಮನೆ ಕಟ್ಟಿದವನು, ಅವನು ಪುಸ್ತಕ ಮುಟ್ಟಿರಲಿ ಬಿಡಲಿ, ಪುಸ್ತಕಕ್ಕೆ ಹಣ ಕೊಟ್ಟಿರುತ್ತಾನೆ. ಹೀಗೆ ಕೂಡಿದ ಹಣ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಿಂದ ಇಲಾಖೆಗೆ ಸಕಾಲದಲ್ಲಿ ಸಂದಾಯವಾಗದೆ ಕೋಟಿಗಟ್ಟಲೆ ಬಾಕಿ ಉಳಿದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಸಗಟು ಖರೀದಿಯ ಹಣ ತಡವಾಯಿತೆಂದು ಪ್ರಕಾಶಕರು ದೂರುತ್ತಾರೆ. ಆಯ್ಕೆ ಸರಿಯಿಲ್ಲವೆಂದು ಲೇಖಕರು ದೂರುತ್ತಾರೆ. ಈ ವಾದದಲ್ಲಿ ಎಲ್ಲರ ದನಿಯೂ ಕೇಳಿಬರುತ್ತದೆ, ಓದುಗನದೊಂದನ್ನುಳಿದು. ಮುಂದಿನ ಸಂಪುಟ ಕೇಳಿ ಮೂರು ಸಲ ಹಿಂತಿರುಗಿದವಳ ಸಾಕ್ಷ್ಯ ಯಾವ ಸಭೆಯ ಮುಂದೆಯೂ ಬರುವುದಿಲ್ಲ. ಏಕೆಂದರೆ ‘ಇಲ್ಲ’ ಎಂಬ ಉತ್ತರವನ್ನು ಬರೆದುಕೊಳ್ಳುವ ದಫ್ತರು ನಮ್ಮ ಗ್ರಂಥಾಲಯಗಳಲ್ಲಿ ಕಾಣಸಿಗುವುದು ಅಪರೂಪ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಓದಿನ ಲೆಕ್ಕವನ್ನು ಈಗ ಮೊಬೈಲಿನಲ್ಲಿಯೇ ಇಡಬಹುದಲ್ಲ, ಕಾಗದವೇಕೆ? ಇಡಬಹುದು, ನಿಜ. 2007ರಲ್ಲಿ ಅಮೆರಿಕದಲ್ಲಿ ಆರಂಭವಾದ ಗುಡ್‌ರೀಡ್ಸ್ ಈ ಕೆಲಸವನ್ನು ಸುಲಭ ಮಾಡಿಕೊಟ್ಟಿತು. 2013ರಲ್ಲಿ ಅದನ್ನು ಅಮೆಜಾನ್ ಕೊಂಡಿತು. ಓದುಗರು ತಮಗಾಗಿ ಬರೆದಿಟ್ಟ ಲೆಕ್ಕ ಪುಸ್ತಕದ ವ್ಯಾಪಾರಿಯ ಕೈಸೇರಿತು. ಅದೇ ಕಂಪೆನಿ 2009ರಲ್ಲಿ ಹಕ್ಕಿನ ತೊಡಕೊಂದರಿಂದಾಗಿ, ತಾನು ಮಾರಿದ್ದ ಆರ್ವೆಲ್ಲನ ಕಾದಂಬರಿಗಳ ಪ್ರತಿಗಳನ್ನು ಓದುಗರ ಕೈಯಲ್ಲಿದ್ದ ಯಂತ್ರಗಳಿಂದ ದೂರದಿಂದಲೇ ಅಳಿಸಿಹಾಕಿತ್ತು. ತಾನು ಮಾಡಿಕೊಂಡಿದ್ದ ಟಿಪ್ಪಣಿಗಳು ವ್ಯರ್ಥವಾದುವೆಂದು ಒಬ್ಬ ವಿದ್ಯಾರ್ಥಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ನನಗೆ ಯಂತ್ರದ ಮೇಲೆ ದ್ವೇಷವಿಲ್ಲ. ಆದರೆ ಪರರ ಉಗ್ರಾಣದಲ್ಲಿಟ್ಟ ಕಿರ್ದಿಯ ಬೀಗದ ಕೈ ಪರರಲ್ಲಿಯೇ ಇರುತ್ತದೆ. ಅಲ್ಲದೆ ಅಲ್ಲಿ ನೋಡುವವರಿದ್ದಾರೆ. ವರ್ಷಕ್ಕೆ ನೂರು ಪುಸ್ತಕವೆಂಬ ಪಂಥಗಳಿವೆ. ನನ್ನ ಮೇಜಿನ ಮೇಲಿನ ನೋಟುಪುಸ್ತಕಕ್ಕೆ ಆದ ಗತಿ ಅಲ್ಲಿಯ ಲೆಕ್ಕಗಳಿಗೂ ಆಗದೆಂದು ಹೇಳುವಂತಿಲ್ಲ.

ಹಾಗಾದರೆ ಮಾಡಬೇಕಾದುದೇನು? ವಿದ್ಯಾರ್ಥಿಗಳಿಗೆ ನನ್ನ ಸೂಚನೆ ಚಿಕ್ಕದು. ಒಂದು ನೋಟುಪುಸ್ತಕ, ತಾರೀಖು, ಪುಸ್ತಕದ ಹೆಸರು, ಅದು ಎಲ್ಲಿ ದೊರೆಯಿತೆಂಬ ಒಂದು ಮಾತು, ಓದಿದ ಮೇಲೆ ಅನಿಸಿದ ಎರಡು ಸಾಲು. ಬಿಟ್ಟದ್ದನ್ನೂ ಬರೆಯಿರಿ, ಸಿಗದಿದ್ದುದನ್ನು ತಪ್ಪದೆ ಬರೆಯಿರಿ. ಯಾರಿಗೂ ತೋರಿಸಬೇಕಾಗಿಲ್ಲ. ಅಧ್ಯಾಪಕಮಿತ್ರರಿಗೆ ಹೇಳುವುದು: ಇದಕ್ಕೆ ಅಂಕ ಕೊಡಬೇಡಿ. ಗ್ರಂಥಾಲಯಗಳನ್ನು ನಡೆಸುವವರಿಗೆ ಒಂದು ಕೋರಿಕೆ: ಪುಸ್ತಕ ಕೊಟ್ಟದ್ದನ್ನು ಬರೆಯುವ ದಫ್ತರಿನ ಪಕ್ಕದಲ್ಲಿ, ಕೇಳಿ ದೊರೆಯದ ಪುಸ್ತಕಗಳಿಗೂ ಒಂದನ್ನಿಡಿ. ಅದರಲ್ಲಿ ಓದುಗನ ಹೆಸರು ಬೇಡ. ಪುಸ್ತಕದ ಹೆಸರು ಸಾಕು. ವರ್ಷದ ಕೊನೆಗೆ ಖರೀದಿಯ ಪಟ್ಟಿಯನ್ನು ಅದರಿಂದಲೇ ಆರಂಭಿಸಬಹುದು.

ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ನಂದಿಯ ತಪ್ಪಲಿನಲ್ಲಿಯೇ ಇದೆ. ಎಣಿಸದೆ, ಅಳೆಯದೆ ಯಾವ ಕಾರ್ಯಕ್ಕೂ ಕೈಹಾಕದ ಮನುಷ್ಯ ಅವರು. 1912ರಿಂದ 1918ರವರೆಗಿನ ಅವರ ದಿವಾನಗಿರಿಯ ಕಾಲದಲ್ಲಿಯೇ ಬೆಂಗಳೂರು ಮೈಸೂರುಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳು ಮೊದಲಾದವು. 1915ರಲ್ಲಿ ಸಾಹಿತ್ಯ ಪರಿಷತ್ತು, 1916ರಲ್ಲಿ ವಿಶ್ವವಿದ್ಯಾನಿಲಯ ಹುಟ್ಟಿದವು. ಎಣಿಕೆಯನ್ನು ನಾನು ಹಳಿಯುತ್ತಿಲ್ಲ. ಎಣಿಸಬೇಕಾದುದನ್ನು ಎಣಿಸೋಣವೆಂದಷ್ಟೇ ಹೇಳುತ್ತಿದ್ದೇನೆ.

ಆ ಹುಡುಗಿಯ ಏಳು ಕಾರಣಗಳನ್ನು ಅವಳ ಒಪ್ಪಿಗೆ ಪಡೆದು, ಹೆಸರು ಹೇಳದೆ, ನಮ್ಮ ಗ್ರಂಥಾಲಯ ಸಮಿತಿಯ ಮುಂದಿಟ್ಟೆ. ಸಾಲದ ಅವಧಿ ಮೂವತ್ತು ದಿನವಾಯಿತು. ಒಂದು ಬೆಳೆಯ ಕಾಲಕ್ಕೆ ಅದು ಹೆಚ್ಚುಕಡಿಮೆ ಸರಿಹೊಂದುತ್ತದೆ. ‘ಜ್ಞಾಪಕಚಿತ್ರಶಾಲೆ’ಯ ಉಳಿದ ಸಂಪುಟಗಳು ಮಂಜೂರಾಗಿ ಎರಡು ವರ್ಷದ ಮೇಲೆ ಬಂದವು. ಅಷ್ಟರಲ್ಲಿ ಅವಳು ಪದವಿ ಮುಗಿಸಿ ಹೋಗಿದ್ದಳು. ಎರಡನೆಯ ಸಂಪುಟವನ್ನು ಮೊದಲು ಯಾರು ಒಯ್ಯುವರೆಂದು ನಾನು ಕೆಲವು ದಿನ ದಫ್ತರನ್ನು ನೋಡುತ್ತಿದ್ದೆ. ಈಗ ಅಲ್ಲಿ ನಾಲ್ಕು ಹೆಸರುಗಳಿವೆ.