ಡ್ಯಾಶ್‌ಬೋರ್ಡಿನ ಆ ಕಿಂಡಿ ಯಾರದು?

ಚೆನ್ನೈಯ ಅಣ್ಣಾ ಸಾಲೈಯಿಂದ ಜನರಲ್ ಪ್ಯಾಟರ್ಸ್ ರಸ್ತೆಗೆ ತಿರುಗಿದರೆ ಸಾಲು ಸಾಲಾಗಿ ಕಾರಿನ ಸಾಮಾನಿನ ಅಂಗಡಿಗಳು. ಸೀಟ್ ಕವರ್, ಹಾರ್ನ್, ಮ್ಯಾಟ್, ಸ್ಟೀರಿಯೊ. ಹೊಸ ಸ್ಟೀರಿಯೊ ಕೊಂಡವನ ಕಾರನ್ನು ರಸ್ತೆಬದಿಯಲ್ಲೇ ನಿಲ್ಲಿಸಿ, ಬಾಗಿಲು ತೆರೆದು, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕನ್ನು ಟಕಟಕನೆ ಕಳಚುತ್ತಾರೆ. ಒಳಗಿನಿಂದ ಬಣ್ಣಬಣ್ಣದ ತಂತಿಗಳು ಹೊರಬರುತ್ತವೆ. ಆ ಹೊತ್ತಿನಲ್ಲಿ ಕಾರಿನ ಮಾಲೀಕ ಏನು ಮಾಡುತ್ತಾನೆ? ಟೀ ಕುಡಿಯಲು ಹೋಗುತ್ತಾನೆ. ಲಕ್ಷಗಟ್ಟಲೆ ಕೊಟ್ಟು, ವರ್ಷಗಟ್ಟಲೆ ಕಂತು ಕಟ್ಟಿ ತಂದ ವಸ್ತುವಿನ ಹೊಟ್ಟೆ ಮೊದಲ ಸಲ ತೆರೆದಿರುವಾಗ ಬಗ್ಗಿ ನೋಡಬೇಕು ಅಂತಲೂ ಅವನಿಗೆ ಅನ್ನಿಸುವುದಿಲ್ಲ.

ಈ ಬರಹದ ತಕರಾರು ಆ ಟೀಯ ಮೇಲೆ.

ಕಾರಿಗೆ ಹೊರಗಿನಿಂದ ತಂದ ಸ್ಟೀರಿಯೊವನ್ನು ತಾನೇ ಕೂರಿಸಿಕೊಳ್ಳುವುದು ಹವ್ಯಾಸಿಗಳ ಹುಚ್ಚು ಎಂದೋ, ಐನೂರು ರೂಪಾಯಿ ಕೂಲಿ ಉಳಿಸುವ ಜಿಪುಣತನ ಎಂದೋ ತಳ್ಳಿಹಾಕುವುದು ಸುಲಭ. ಆದರೆ ಇಂದಿನ ಕಾರಿನಲ್ಲಿ ಮಾಲೀಕನ ಕೈ ಹೋಗಬಹುದಾದ ಜಾಗಗಳು ಎಷ್ಟು ಉಳಿದಿವೆ? ಎಂಜಿನ್ ಪ್ಲಾಸ್ಟಿಕ್ ಹೊದಿಕೆಯ ಕೆಳಗಿದೆ. ಅದರ ನಿಯಂತ್ರಣ ಕಂಪ್ಯೂಟರಿನಲ್ಲಿದೆ. ಸ್ಟೀರಿಯೊ ಕೂರುವ ಕಿಂಡಿ ಮಾತ್ರ ಹಲವು ದಶಕಗಳ ಕಾಲ ಎಲ್ಲರಿಗೂ ತೆರೆದಿತ್ತು. ಅದು ಹಾಗೆ ತೆರೆದಿದ್ದುದು ಆಕಸ್ಮಿಕವಲ್ಲ.

180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಜರ್ಮನಿಯ ಮಾನಕ ಸಂಸ್ಥೆ ಗೊತ್ತುಮಾಡಿದ ಈ ಅಳತೆಯನ್ನು ಜನ ಇಂದಿಗೂ 'ಡಿನ್' ಎಂದೇ ಕರೆಯುತ್ತಾರೆ. ಮುಂದೆ ಅದೇ ಐಎಸ್‌ಒ 7736 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಎತ್ತರ ದುಪ್ಪಟ್ಟಾದರೆ 'ಡಬಲ್ ಡಿನ್'. ತಂತಿಗಳಿಗೂ ಒಂದು ಒಪ್ಪಂದವಿದೆ: ಐಎಸ್‌ಒ 10487. ಎಂಟೆಂಟು ಪಿನ್ನುಗಳ ಎರಡು ಮುಖ್ಯ ಕಪ್ಲರುಗಳು. ಒಂದರಲ್ಲಿ ವಿದ್ಯುತ್ತು, ಇನ್ನೊಂದರಲ್ಲಿ ನಾಲ್ಕು ಸ್ಪೀಕರುಗಳಿಗೆ ಎರಡೆರಡರಂತೆ ಎಂಟು ತಂತಿ. ಕಾರು ಕೊರಿಯದ್ದಿರಲಿ, ಜಪಾನಿನದ್ದಿರಲಿ, ಸ್ಟೀರಿಯೊ ಯಾವ ಕಂಪನಿಯದ್ದೇ ಇರಲಿ, ಪರಸ್ಪರ ಮಾತಾಡಿಕೊಳ್ಳಲು ಒಂದು ವ್ಯಾಕರಣ ಇದು. ಕಾರಿನ ಕಪ್ಲರ್ ಬೇರೆ ಆಕಾರದ್ದಾದರೆ ನಡುವೆ ಹಾಕಲು ಅಡಾಪ್ಟರ್ ಸಿಗುತ್ತದೆ. ಅಂದರೆ ಕಾರಿನ ಮೂಲ ತಂತಿ ಒಂದನ್ನೂ ಕತ್ತರಿಸಬೇಕಾಗಿಲ್ಲ.

ಈ ವ್ಯಾಕರಣವೇನೂ ಕಷ್ಟದ್ದಲ್ಲ. ವಿದ್ಯುತ್ತಿನ ಕಪ್ಲರಿನಲ್ಲಿ ಮುಖ್ಯವಾದವು ಮೂರು. 4ನೇ ಪಿನ್ನಿಗೆ ಬ್ಯಾಟರಿಯಿಂದ ಸದಾ 12 ವೋಲ್ಟ್ ಬರುತ್ತದೆ. 7ನೇ ಪಿನ್ನಿಗೆ ಕೀಲಿ ತಿರುಗಿಸಿದಾಗ ಮಾತ್ರ ಬರುತ್ತದೆ. 8ನೆಯದು ಅರ್ತ್. ಅಂಗಡಿಯ ಸ್ಟೀರಿಯೊಗಳಲ್ಲಿ ಇವು ಸಾಮಾನ್ಯವಾಗಿ ಹಳದಿ, ಕೆಂಪು, ಕಪ್ಪು. ಹಳದಿ ತಂತಿ ನೆನಪಿಗೆ, ಕೆಂಪು ತಂತಿ ಎಚ್ಚರಕ್ಕೆ ಎಂದಿಟ್ಟುಕೊಳ್ಳಬಹುದು. ಕೆಲವು ಕಾರುಗಳಲ್ಲಿ ಇವೆರಡೂ ಅದಲುಬದಲಾಗಿರುತ್ತವೆ. ಆಗ ಪ್ರತಿ ಸಲ ಕಾರು ಆರಿಸಿದಾಗಲೂ ಸ್ಟೀರಿಯೊ ಗಡಿಯಾರ, ಸ್ಟೇಷನ್ನು ಎಲ್ಲವನ್ನೂ ಮರೆತುಬಿಡುತ್ತದೆ. ಇದು ತಿಳಿದವನು ಎರಡು ತಂತಿ ಅದಲುಬದಲು ಮಾಡಿ ಮುಗಿಸುತ್ತಾನೆ. ತಿಳಿಯದವನು 'ಸೆಟ್ಟೇ ಸರಿಯಿಲ್ಲ' ಎಂದು ಹೊಸ ಸೆಟ್ಟಿಗೆ ದುಡ್ಡು ಕೊಡುತ್ತಾನೆ.

ಮೊದಲ ಆಕ್ಷೇಪಣೆ ಅಪಾಯದ್ದು. ತಂತಿ ಕೆಲಸ ತಪ್ಪಿದರೆ ಬೆಂಕಿ ಹೊತ್ತೀತು, ಬಲ್ಲವರು ಮಾಡಲಿ ಎನ್ನುತ್ತಾರೆ. ಅಪಾಯ ನಿಜ, ಅದನ್ನು ಅಲ್ಲಗಳೆಯುವುದು ಅಪ್ರಾಮಾಣಿಕತನ. ಆದರೆ ಆ ಅಪಾಯಗಳು ಯಾವುವು ಎಂದು ಎಣಿಸಿ ನೋಡಿ. ಕೆಲಸ ಶುರುಮಾಡುವ ಮುನ್ನ ಬ್ಯಾಟರಿಯ ನೆಗೆಟಿವ್ ಕಳಚಬೇಕು, ಎಷ್ಟೋ ಕಾರುಗಳಲ್ಲಿ 10ರ ಸ್ಪಾನರ್ ಒಂದು ಸಾಕು. ಹಳದಿ ಕವಚದ ತಂತಿ, ಹಳದಿ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದು, ಮುಟ್ಟಬಾರದು. ಫ್ಯೂಸ್ ಇಲ್ಲದೆ ಬ್ಯಾಟರಿಯಿಂದ ಹೊಸ ತಂತಿ ಎಳೆಯಬಾರದು. ಫ್ಯೂಸ್ ಕಾಯುವುದು ಮುಖ್ಯವಾಗಿ ತಂತಿಯನ್ನು, ಆದ್ದರಿಂದ ಅದು ಬ್ಯಾಟರಿಗೆ ಹತ್ತಿರವಿರಬೇಕು. ಇಂದಿನ ಸ್ಟೀರಿಯೊಗಳಲ್ಲಿ ಸ್ಪೀಕರಿನ ಎರಡೂ ತಂತಿಗಳಲ್ಲಿ ವೋಲ್ಟೇಜ್ ಇರುತ್ತದೆ. 'ಮೈನಸ್' ಅಂದುಕೊಂಡು ಒಂದನ್ನು ಬಾಡಿಗೆ ತಾಗಿಸಿದರೆ ಒಳಗಿನ ಆಂಪ್ಲಿಫೈಯರ್ ಸುಟ್ಟುಹೋಗಬಹುದು. ಕೈಬ್ರೇಕಿಗೆ ಹೋಗಬೇಕಾದ ತಂತಿಯನ್ನು ಅರ್ತಿಗೆ ಕೊಟ್ಟು ಓಡಿಸುತ್ತಲೇ ಸಿನಿಮಾ ನೋಡುವ 'ಉಪಾಯ' ಮಾಡಲೇಬಾರದು.

ಮುಗಿಯಿತು. ಹೆಚ್ಚುಕಡಿಮೆ ಇಷ್ಟೇ. ಒಂದೊಂದು ಅಪಾಯವೂ ಒಂದೆರಡು ವಾಕ್ಯದಲ್ಲಿ ಹೇಳಿ ಮುಗಿಸಬಹುದಾದದ್ದು. ಇಷ್ಟು ಸಣ್ಣ ತಿಳಿವನ್ನು 'ಬಲ್ಲವರ' ಗುಟ್ಟಾಗಿ ಉಳಿಸಿ, ಆಮೇಲೆ ತಿಳಿಯದವರು ದೂರವಿರಲಿ ಎಂದರೆ ಅದು ಎಚ್ಚರಿಕೆಯ ಮಾತಲ್ಲ, ಬೇಲಿ. ಇನ್ನು ಬಲ್ಲವರ ಕೆಲಸವೇ ಸದಾ ಸುರಕ್ಷಿತವೇ? ಅವಸರದಲ್ಲಿ ತಂತಿ ಕತ್ತರಿಸಿ, ಹೊಸೆದು, ಕಪ್ಪು ಟೇಪ್ ಸುತ್ತಿ ಒಳಗೆ ತುರುಕುವುದು ಬೀದಿಯಲ್ಲಿ ಮಾಮೂಲು. ಚೆನ್ನೈಯ ಬಿಸಿಲಿಗೆ ನಿಂತ ಕಾರಿನಲ್ಲಿ ಟೇಪಿನ ಅಂಟು ಕರಗಿ ಜಾರುತ್ತದೆ. ಕಡಲ ಗಾಳಿಯ ಉಪ್ಪುತೇವ ಬರಿಯ ತಾಮ್ರವನ್ನು ಹಸಿರುಗಟ್ಟಿಸುತ್ತದೆ. ಅಡಾಪ್ಟರ್ ಹಾಕಿ, ಕ್ರಿಂಪ್ ಮಾಡಿ, ಮೇಲೆ ಬಿಸಿಗೆ ಕುಗ್ಗುವ ಕೊಳವೆ ತೊಡಿಸುವ ತಾಳ್ಮೆ ಸ್ವಂತ ಕಾರಿನವನಿಗೇ ಹೆಚ್ಚು. ಹೊಗೆ ಬಂದರೆ ಒಳಗೆ ಕೂತಿರುವುದು ಅವನ ಮನೆಯವರೇ.

ತಿಳಿಯದಿರುವುದಕ್ಕೆ ಬೆಲೆ ತೆರುವುದು ಅಂಗಡಿಯಲ್ಲೇ ಶುರುವಾಗುತ್ತದೆ. ಪೆಟ್ಟಿಗೆಯ ಮೇಲೆ '50 ವ್ಯಾಟ್ × 4' ಎಂದು ದಪ್ಪಕ್ಷರದಲ್ಲಿರುತ್ತದೆ. ಎಂಜಿನ್ ಓಡುವಾಗ ಸಿಗುವ ವೋಲ್ಟೇಜ್ ಸುಮಾರು 14.4. ಅದರಿಂದಲೇ ನೇರವಾಗಿ ನಡೆಯುವ ಆಂಪ್ಲಿಫೈಯರ್ 4 ಓಮ್ ಸ್ಪೀಕರಿಗೆ ಶಬ್ದ ಒಡೆಯದಂತೆ ಕೊಡಬಲ್ಲದ್ದು, ಲೆಕ್ಕದ ಪ್ರಕಾರವೇ, ಹೆಚ್ಚೆಂದರೆ 26 ವ್ಯಾಟ್. ವಾಸ್ತವದಲ್ಲಿ ಅದಕ್ಕಿಂತ ಕಡಿಮೆ. ಪ್ರೌಢಶಾಲೆಯ ಓಮನ ನಿಯಮ ನೆನಪಿರುವ ಯಾರಿಗೂ ಪೆಟ್ಟಿಗೆಯ ಅಂಕಿಯ ಮೇಲೆ ಅನುಮಾನ ಬರಬೇಕು. ಪಾಸಾದ ಮೇಲೆ ಆ ನಿಯಮವನ್ನು ಯಾವುದಕ್ಕೂ ಹಚ್ಚಿ ನೋಡದವರಿಗೆ ಬರುವುದಿಲ್ಲ.

ಎರಡನೇ ಆಕ್ಷೇಪಣೆ ವಾರಂಟಿಯದ್ದು. ಷೋರೂಮಿನವರು ಈ ಪದವನ್ನು ಮಕ್ಕಳಿಗೆ ಗುಮ್ಮನನ್ನು ತೋರಿಸಿದ ಹಾಗೆ ತೋರಿಸುತ್ತಾರೆ. 2014ರ ಆಗಸ್ಟ್ 25ರಂದು ಭಾರತದ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿತು. ಬಿಡಿಭಾಗ, ಉಪಕರಣ, ದುರಸ್ತಿಯ ಮಾಹಿತಿ ಹೊರಗಿನವರಿಗೆ ಸಿಗದಂತೆ ನೋಡಿಕೊಂಡದ್ದು ತಪ್ಪು ಎಂಬುದು ಆ ಆದೇಶದ ಸಾರ. ಹೊರಗಿನ ಮೆಕ್ಯಾನಿಕ್ ಮುಟ್ಟಿದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಎನ್ನುವಂತಿಲ್ಲ, ತಪ್ಪು ಕೆಲಸದಿಂದ ಹಾನಿಯಾದಷ್ಟಕ್ಕೆ ಮಾತ್ರ ರದ್ದು ಮಾಡಬಹುದು ಎಂದೂ ಅದು ಹೇಳಿತು. ದಂಡದ ಮೇಲೆ ಮೇಲ್ಮನವಿಗಳಾದವು, ಅದು ಬೇರೆ ಕತೆ. ಆದೇಶ ಮಾತಾಡಿದ್ದು ಮೆಕ್ಯಾನಿಕ್ಕಿನ ಬಗ್ಗೆ, ಮಾಲೀಕನ ಬಗ್ಗೆ ಅಲ್ಲ ಎಂಬುದೂ ನಿಜ. ಆದರೆ ತರ್ಕ ಎಲ್ಲಿಗೂ ಒಂದೇ: ಹಾನಿಗೂ ಕೆಲಸಕ್ಕೂ ನಂಟು ತೋರಿಸಬೇಕು. ಸ್ಟೀರಿಯೊ ಬದಲಿಸಿದ್ದಕ್ಕೆ ಗೇರ್‌ಬಾಕ್ಸಿನ ವಾರಂಟಿ ಹೋಯಿತು ಎನ್ನುವವನನ್ನು ಹೇಗೆ ಎಂದು ಕೇಳುವ ಧೈರ್ಯ ಬೇಕು. ಒಳಗೇನಿದೆ ಎಂದು ಕಂಡವನಿಗೆ ಮಾತ್ರ ಆ ಧೈರ್ಯ ಬರುತ್ತದೆ.

ಮೂರನೆಯದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಣೆ. ಎಲ್ಲರೂ ತಾವೇ ಮಾಡಿಕೊಂಡರೆ ಆ ರಸ್ತೆಬದಿಯ ಹುಡುಗರ ಹೊಟ್ಟೆಪಾಡೇನು? ಇದಕ್ಕೆ ಉತ್ತರ ಹತ್ತಿರದಲ್ಲೇ ಇರುವ ಪುದುಪೇಟೆಯಲ್ಲಿದೆ. ಹೆಸರು ಕನ್ನಡಕ್ಕೆ ಬಂದರೆ ಹೊಸಪೇಟೆ, ಹೆಸರುವಾಸಿಯಾಗಿರುವುದು ಹಳೆಯ ವಾಹನಗಳ ಬಿಡಿಭಾಗಗಳಿಗೆ. ಕಳಚಬಹುದು, ಇನ್ನೊಂದಕ್ಕೆ ಹೊಂದಿಸಬಹುದು ಎಂಬ ನಂಬಿಕೆಯ ಮೇಲೆ ನಿಂತ ಪೇಟೆ ಅದು. ಜನರಲ್ ಪ್ಯಾಟರ್ಸ್ ರಸ್ತೆ, ಎಲೆಕ್ಟ್ರಾನಿಕ್ಸಿನ ರಿಚಿ ಸ್ಟ್ರೀಟ್, ಬೆಂಗಳೂರಿನ ಜೆ.ಸಿ. ರಸ್ತೆ ಎಲ್ಲವೂ ಉಸಿರಾಡುತ್ತಿರುವುದು ಅದೇ ನಂಬಿಕೆಯಿಂದ. ಕಿಂಡಿ ತೆರೆದಿರುವವರೆಗೆ ಮಾಲೀಕನಿಗೂ ಕೆಲಸವಿದೆ, ಹುಡುಗನಿಗೂ ಕೆಲಸವಿದೆ. ಕಿಂಡಿ ಮುಚ್ಚಿದರೆ ಇಬ್ಬರೂ ಹೊರಗೆ.

ಅದು ಮುಚ್ಚುತ್ತಿದೆ. ಇಂದಿನ ಎಷ್ಟೋ ಕಾರುಗಳಲ್ಲಿ ಪರದೆ ಡ್ಯಾಶ್‌ಬೋರ್ಡಿನ ಆಕಾರಕ್ಕೇ ಕರಗಿಹೋಗಿದೆ. ಹಿಂಬದಿಯ ಕ್ಯಾಮೆರಾ ಅದರಲ್ಲಿ, ಕಾರಿನ ಸೆಟ್ಟಿಂಗು ಅದರಲ್ಲಿ, ಕೆಲವದರಲ್ಲಿ ಎಸಿಯೂ ಅದರಲ್ಲೇ. ಹತ್ತು ವರ್ಷದ ಮೇಲೆ ಆ ಪರದೆ ಕಣ್ಣುಮುಚ್ಚಿದರೆ ಪುದುಪೇಟೆಯಿಂದ ತಂದು ಕೂರಿಸಲು ಅಲ್ಲಿ 180ಕ್ಕೆ 50ರ ಕಿಂಡಿ ಇರುವುದಿಲ್ಲ. ಕಂಪನಿ ಹೇಳಿದ ಬೆಲೆಗೆ ಕಂಪನಿಯದೇ ಪರದೆ, ಅದೂ ಅವರು ಮಾಡುವುದನ್ನು ನಿಲ್ಲಿಸಿರದಿದ್ದರೆ. ಮೇ ತಿಂಗಳ ಚೆನ್ನೈಯಲ್ಲಿ ಹಾಡು ನಿಂತರೆ ಸಹಿಸಬಹುದು, ಎಸಿಯ ಗುಂಡಿ ಸತ್ತರೆ?

ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗೆಂದು ಒಂದು ಪೋರ್ಟಲ್ ತೆರೆಯಿತು. ಅದರ ಪಟ್ಟಿಯಲ್ಲಿ ವಾಹನಗಳೂ ಇವೆ. ಒಳ್ಳೆಯದೇ. ಆದರೆ ಬಳಸುವವರಿಲ್ಲದ ಹಕ್ಕು ಕಡತದಲ್ಲೇ ಉಳಿಯುತ್ತದೆ, ಬಳಸಲು ಅದು ಬಳಕೆಯ ಮಾತಿನಲ್ಲಿರಬೇಕು. ಸ್ಟೀರಿಯೊ ಪೆಟ್ಟಿಗೆಯೊಳಗಿನ ಮಡಿಸಿದ ಹಾಳೆಯಲ್ಲಿ ಇಂಗ್ಲಿಷ್ ಇರುತ್ತದೆ, ಕೆಲವದರಲ್ಲಿ ಇನ್ನೂ ಹಲವು ದೇಶಗಳ ಭಾಷೆಗಳಿರುತ್ತವೆ. ಕನ್ನಡ ಹುಡುಕಿದರೂ ಸಿಗದು. ಕಾವ್ಯಮೀಮಾಂಸೆಗೆ ಸಾವಿರ ವರ್ಷದ ಹಿಂದೆಯೇ ಪದ ಹೊಂದಿಸಿಕೊಂಡ ಭಾಷೆಗೆ ಹಳದಿ ತಂತಿ ನೆನಪಿಗೆ, ಕೆಂಪು ತಂತಿ ಎಚ್ಚರಕ್ಕೆ ಎಂದು ಬರೆಯುವುದು ಎಷ್ಟರ ಕೆಲಸ? 'ಅರ್ತ್', 'ಕಪ್ಲರ್', 'ಫ್ಯೂಸ್' ಎಂಬ ಪದಗಳನ್ನು ಗ್ಯಾರೇಜಿನ ಹುಡುಗರು ಈಗಾಗಲೇ ಕನ್ನಡ ಮಾಡಿದ್ದಾರೆ. ಉಳಿದಿರುವುದು ವಾಕ್ಯ ಮಾತ್ರ.

ಹಾಗಾಗಿ ಎಲ್ಲರೂ ಸ್ಪಾನರ್ ಹಿಡಿಯಲೇಬೇಕೆಂಬ ಹಟವೇನಿಲ್ಲ. ಕೂಲಿ ಕೊಟ್ಟು ಮಾಡಿಸುವುದರಲ್ಲಿ ಅವಮಾನವೂ ಇಲ್ಲ. ಕನಿಷ್ಠ ಪಕ್ಷ ಟೀಯನ್ನು ಕಾರಿನ ಪಕ್ಕಕ್ಕೇ ತರಿಸಿಕೊಂಡು, ಹುಡುಗನಿಗೂ ಒಂದು ಲೋಟ ಕೊಟ್ಟು, ಯಾವ ತಂತಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಬಹುದು.