ಸುಟ್ಟಿದ್ದು ಅವರ ತಂತಿ, ತಪ್ಪು ಸುಟ್ಟವನದ್ದೇ?

ವಿದ್ಯುತ್ ತಂತಿ ಹರಿದು ಬಿದ್ದು ಒಬ್ಬನ ಕೈಕಾಲು ಸುಟ್ಟಿತು ಅನ್ನಿ. ಹಿರೇಹಡಗಲಿಯಿಂದ ಕೊಟ್ಟೂರಿನ ತನಕ ಯಾವ ಚಹಾದಂಗಡಿಯಲ್ಲಿ ಕೂತರೂ ಮೊದಲು ಕಿವಿಗೆ ಬೀಳುವ ಮಾತು ಒಂದೇ: 'ಅಂವ ಯಾಕ ಅಲ್ಲಿಗೆ ಹೋಗಿದ್ದ?' ತಂತಿ ಯಾಕೆ ಹರಿಯಿತು ಅನ್ನೋ ಪ್ರಶ್ನೆ ಆಮೇಲೆ, ಬಂದರೆ ಬಂತು. ಖಾನಾವಳಿಯಲ್ಲಿ ಸಿಲಿಂಡರ್ ಹತ್ತಿ ಅಡುಗೆ ಹುಡುಗನ ಮೈ ಸುಟ್ಟರೆ 'ಕಣ್ಣಿಟ್ಟು ಕೆಲಸ ಮಾಡಬೇಕಿತ್ತು'. ಬಸ್ಸಿಗೆ ಬೆಂಕಿ ಬಿದ್ದರಂತೂ 'ಹಣೆಬರಹ' ಎಂಬ ಒಂದೇ ಮಾತಿನಲ್ಲಿ ಪಂಚಾಯ್ತಿ ಮುಗಿಯಿತು. ಈ ಮಾತುಗಳಿಂದ ಲಾಭ ಯಾರಿಗೆ? ತಂತಿ ಎಳೆದವರಿಗೆ, ಬಸ್ ಓಡಿಸಿದವರಿಗೆ, ವಿಮೆ ಕಂಪನಿಗೆ. ಸುಟ್ಟವನಿಗಂತೂ ಅಲ್ಲ.

ಕಾನೂನು ಹಾಗೆ ಹೇಳುವುದಿಲ್ಲ ಎಂಬುದು ನಮ್ಮ ಕಡೆ ಬಹಳ ಜನಕ್ಕೆ ಗೊತ್ತೇ ಇಲ್ಲ.

1997ರ ಆಗಸ್ಟ್. ಮಧ್ಯಪ್ರದೇಶದ ಒಂದು ಊರಲ್ಲಿ ರಾತ್ರಿ ಹೊತ್ತು ಒಬ್ಬ ಸೈಕಲ್ ತುಳಿದುಕೊಂಡು ಮನೆಗೆ ಹೊರಟಿದ್ದ. ಮಳೆ ನೀರು ನಿಂತ ರಸ್ತೆ. ನೀರೊಳಗೆ ಕರೆಂಟ್ ಇದ್ದ ತಂತಿ ಬಿದ್ದಿತ್ತು, ಕತ್ತಲಲ್ಲಿ ಕಾಣಲಿಲ್ಲ. ಅಲ್ಲೇ ಸತ್ತ. ವಿದ್ಯುತ್ ಮಂಡಳಿ ಕೋರ್ಟಿನಲ್ಲಿ ಏನಂತು? ಯಾರೋ ಕಳ್ಳತನದಿಂದ ಕರೆಂಟ್ ಎಳೆದುಕೊಂಡಿದ್ದರು, ಆ ತಂತಿ ಬಿಚ್ಚಿ ಬಿತ್ತು, ನಮ್ಮದೇನೂ ತಪ್ಪಿಲ್ಲ! ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಯಿತು. 2002ರ ಜನವರಿಯಲ್ಲಿ ತೀರ್ಪು ಬಂತು. ಕರೆಂಟಿನಂಥ ಅಪಾಯದ ವಸ್ತುವನ್ನು ಊರಿಗೆ ಹರಿಸುವವನು ಅದು ಯಾರಿಗಾದರೂ ಕೇಡು ಮಾಡಿದರೆ ಹೊಣೆ ಹೊರಲೇಬೇಕು, ಅವನ ಅಜಾಗರೂಕತೆಯನ್ನು ಸತ್ತವನ ಕಡೆಯವರು ರುಜುವಾತು ಮಾಡಬೇಕಾಗಿಲ್ಲ, ಕಳ್ಳ ಸಂಪರ್ಕ ಆಗದಂತೆ ನೋಡಿಕೊಳ್ಳುವುದೂ ಮಂಡಳಿಯ ಕೆಲಸವೇ ಎಂದಿತು ನ್ಯಾಯಾಲಯ. ಇದು ಹೊಸ ಮಾತಲ್ಲ. 1868ರಲ್ಲಿ ಇಂಗ್ಲೆಂಡಿನ ಒಬ್ಬ ಗಿರಣಿ ಮಾಲೀಕನ ಕೆರೆ ನೀರು ಪಕ್ಕದವನ ಗಣಿಗೆ ನುಗ್ಗಿದ ದಾವೆಯಲ್ಲಿ ಹುಟ್ಟಿದ ಸೂತ್ರ. ನದಿ ದಂಡೆಯ ಪಂಪ್‌ಸೆಟ್ ಲೈನುಗಳು ಹೊಲದ ಮೇಲೆ ಜೋತು ಬಿದ್ದಿದ್ದರೆ ಅದಕ್ಕೂ ಇದೇ ಸೂತ್ರ. ಜೆಸ್ಕಾಂ ಇರಲಿ, ಬೆಸ್ಕಾಂ ಇರಲಿ. ತಾನೇ ಕಂಬಕ್ಕೆ ಕೊಕ್ಕೆ ಹಾಕಲು ಹೋಗಿ ಸುಟ್ಟುಕೊಂಡವನ ಮಾತು ಮಾತ್ರ ಬೇರೆ.

ಬಸ್ಸಿನವರಿಗೆ ಇನ್ನೊಂದು ಕಥೆ. 1987ರ ಅಕ್ಟೋಬರ್ 29, ಬೆಳಗಿನ ಜಾವ ಸುಮಾರು ಮೂರು ಗಂಟೆ. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಸಾತಾರಾ ಜಿಲ್ಲೆಯ ಕವಠೆ ಹತ್ತಿರ ಪೆಟ್ರೋಲ್ ಟ್ಯಾಂಕರಿಗೂ ಲಾರಿಗೂ ಡಿಕ್ಕಿ. ಟ್ಯಾಂಕರ್ ರಸ್ತೆ ಬಿಟ್ಟು ಕೆಳಗೆ ಉರುಳಿ ಬಿತ್ತು, ಪೆಟ್ರೋಲ್ ಸೋರತೊಡಗಿತು. ಬೆಳಗಾಗುತ್ತಲೇ ಜನ ಸೇರಿದರು. ಸುಮಾರು ನಾಲ್ಕು ತಾಸಿನ ಮೇಲೆ ಟ್ಯಾಂಕರ್ ಸಿಡಿದು ಬೆಂಕಿ ಎದ್ದು ಹಲವರು ಸುಟ್ಟರು, ಸತ್ತರು. ಮಾಲೀಕರ ಮತ್ತು ವಿಮೆಯವರ ವಾದ: ಅಪಘಾತ ಆಗಿದ್ದು ಮೂರಕ್ಕೆ, ಬೆಂಕಿ ಬಿದ್ದಿದ್ದು ಏಳರ ಮೇಲೆ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ, ಜನ ಪೆಟ್ರೋಲ್ ಕದಿಯಲು ಹೋಗಿ ಬೆಂಕಿ ಹತ್ತಿಸಿಕೊಂಡರು! ನಮ್ಮ ಚಹಾದಂಗಡಿಯ ಮಾತೇ, ಕರಿ ಕೋಟು ಹಾಕಿಕೊಂಡು ಬಂದಿತ್ತು ಅಷ್ಟೆ. ಕೆಳಗಿನ ನ್ಯಾಯಮಂಡಳಿ ಅದನ್ನು ಒಪ್ಪಿಯೂ ಬಿಟ್ಟಿತು. ಆದರೆ ಬೊಂಬಾಯಿ ಹೈಕೋರ್ಟ್ ಒಪ್ಪಲಿಲ್ಲ. 1991ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಉರುಳಿ ಬಿದ್ದ ಮಾತ್ರಕ್ಕೆ ವಾಹನ ವಾಹನವಲ್ಲದೆ ಹೋಗುವುದಿಲ್ಲ, ಡಿಕ್ಕಿ, ಸೋರಿಕೆ, ಬೆಂಕಿ ಎಲ್ಲ ಒಂದೇ ಸರಪಳಿ, ಮೋಟಾರು ವಾಹನ ಕಾಯ್ದೆಯ ಪರಿಹಾರ ಕೊಡಲೇಬೇಕು ಎಂದಿತು.

ಆ ಹೆದ್ದಾರಿಯೇ ನಮ್ಮ ಪಕ್ಕದ ಹಾವೇರಿಯನ್ನೂ ಹಾದು ಹೋಗುತ್ತದೆ. 2013ರ ನವೆಂಬರ್ 14ರಂದು ಹಾವೇರಿ ಜಿಲ್ಲೆಯ ಕುಣಿಮೆಳ್ಳಿಹಳ್ಳಿ ಬಳಿ ಮುಂಬಯಿಗೆ ಹೊರಟಿದ್ದ ಐಷಾರಾಮಿ ಬಸ್ಸು ಹತ್ತಿ ಉರಿದು 7 ಮಂದಿ ಸತ್ತರು. ಅದಕ್ಕೆ ಎರಡು ವಾರ ಮುಂಚೆ, ಅಕ್ಟೋಬರ್ 30ಕ್ಕೆ, ಆಂಧ್ರದ (ಈಗ ತೆಲಂಗಾಣ) ಪಾಲೆಂ ಬಳಿ ಬೆಂಗಳೂರು-ಹೈದರಾಬಾದ್ ಬಸ್ಸಿನಲ್ಲಿ 45 ಮಂದಿ. ಈಗಿನ ಕಾನೂನಿನಂತೆ, ಅಂದರೆ 2022ರ ಏಪ್ರಿಲ್ 1ರಿಂದ, ಯಾರ ತಪ್ಪೆಂದು ಕೇಳದೆಯೇ ಸಾವಿಗೆ 5 ಲಕ್ಷ, ಭಾರಿ ಗಾಯಕ್ಕೆ ಎರಡೂವರೆ ಲಕ್ಷ ಕೊಡಬೇಕು. ಮುಖ ಸುಟ್ಟು ಶಾಶ್ವತವಾಗಿ ವಿಕಾರವಾದರೆ ಅದೂ ಭಾರಿ ಗಾಯವೇ. ಇನ್ನೂ ಹೆಚ್ಚು ಬೇಕೆಂದರೆ ತಪ್ಪು ತೋರಿಸಿ ಕೇಳಬಹುದು. ಹಾವೇರಿಯಲ್ಲಿ ಅಪಘಾತ ಆಯಿತೆಂದು ಹಾವೇರಿಗೇ ಅಲೆಯಬೇಕಿಲ್ಲ, ಗಾಯಾಳು ವಾಸವಿರುವ ಕಡೆಯ ನ್ಯಾಯಮಂಡಳಿಗೂ ಅರ್ಜಿ ಹಾಕಬಹುದು.

ಕಾನೂನು ಇಷ್ಟು ಗಟ್ಟಿಯಾಗಿದ್ದರೆ ಜನಕ್ಕೆ ಯಾಕೆ ಸಿಗ್ತಾ ಇಲ್ಲ? ಕೇಸು ಬಹಳ ಸಲ ಕೆಡುವುದು ಕೋರ್ಟಿನಲ್ಲಿ ಅಲ್ಲ, ಮೊದಲ ದಿನ ಆಸ್ಪತ್ರೆಯ ಬಾಗಿಲಲ್ಲಿ. 'ಹೆಂಗಾಯ್ತು?' ಅಂತ ಡಾಕ್ಟರು ಕೇಳುತ್ತಾರೆ. ಪೊಲೀಸರ ಭಯ, ಧಣಿಯ ಮುಲಾಜು. ಜೊತೆಗೆ ಬಂದವರು 'ಒಲಿ ಹತ್ತಿತ್ರಿ, ನಮ್ಮದ ತಪ್ಪು' ಅಂದುಬಿಡುತ್ತಾರೆ. ಆ ಒಂದು ಸಾಲು ಎಂಎಲ್‌ಸಿ ಪುಸ್ತಕಕ್ಕೆ ಏರಿತೆಂದರೆ ಆರು ತಿಂಗಳ ಮೇಲೆ ಎದುರು ವಕೀಲ ಅದನ್ನೇ ಎತ್ತಿ ಓದುತ್ತಾನೆ. ಎಲ್ಲಿ, ಯಾರ ಜಾಗ, ಯಾವುದರಿಂದ ಬೆಂಕಿ ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಸಬೇಕು. ಕರೆಂಟಿನದಾದರೆ ವಿದ್ಯುತ್ ಪರಿವೀಕ್ಷಕರು ಸ್ಥಳ ನೋಡಿ ವರದಿ ಬರೆಯುವ ಏರ್ಪಾಡು 2003ರ ವಿದ್ಯುತ್ ಕಾಯ್ದೆಯಲ್ಲೇ ಇದೆ. ಆ ವರದಿಯ ನಕಲು ಕೈಯಲ್ಲಿದ್ದರೆ ಅರ್ಧ ಕೇಸು ಗೆದ್ದಂತೆ. ಆದರೆ ತಂತಿಯನ್ನು ಅದೇ ದಿನ ಸುತ್ತಿ ಒಯ್ದು ಹೊಸದು ಎಳೆದುಬಿಟ್ಟರೆ ಪರಿವೀಕ್ಷಕರು ಬಂದು ನೋಡುವುದೇನನ್ನು? ಯಾರಾದರೂ ಮೊಬೈಲಿನಲ್ಲಿ ನಾಲ್ಕು ಫೋಟೋ ಹೊಡೆದಿಟ್ಟಿರಬೇಕು.

ಎರಡನೇ ಕಡೆ ಕೆಡುವುದು 'ಘೋಷಣೆ'ಯಲ್ಲಿ. 2023ರ ನವೆಂಬರ್ 19ರ ಬೆಳಗಿನ ಜಾವ ಬೆಂಗಳೂರಿನ ಕಾಡುಗೋಡಿಯಲ್ಲಿ ಫುಟ್‌ಪಾತಿನ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ ಮತ್ತು 9 ತಿಂಗಳ ಕೂಸು ಸುಟ್ಟು ಸತ್ತಾಗ ಅಧಿಕಾರಿಗಳ ಅಮಾನತು ಆಯಿತು, ಪರಿಹಾರ ಘೋಷಣೆಯೂ ಆಯಿತು. ರಾಜಧಾನಿ, ಟಿವಿಯವರು ಇದ್ದರು, ಬೇಗ ಆಯಿತು. ಹೀಗೆ ಘೋಷಿಸುವ ದುಡ್ಡು ಕರುಣೆಯ ದುಡ್ಡು, ಅದನ್ನು ತಗೊಂಡ ಮಾತ್ರಕ್ಕೆ ಕೋರ್ಟಿನ ಬಾಗಿಲು ಮುಚ್ಚುವುದಿಲ್ಲ. 'ಇನ್ನು ಏನೂ ಕೇಳುವುದಿಲ್ಲ' ಎಂಬ ಕಾಗದಕ್ಕೆ ಓದದೆ ಹೆಬ್ಬೆಟ್ಟು ಒತ್ತಿದರೆ ಮಾತ್ರ ಫಜೀತಿ. ಹರಿಯಾಣದ ಪಾಣಿಪತ್ತಿನಲ್ಲಿ 2011ರಲ್ಲಿ ಹೈಟೆನ್ಷನ್ ತಂತಿ ತಗುಲಿ ಎರಡೂ ಕೈ, ಒಂದು ಕಾಲು ಕಳಕೊಂಡ ಎಳೆಯ ಹುಡುಗನಿಗೆ ಸುಪ್ರೀಂ ಕೋರ್ಟ್ 2014ರಲ್ಲಿ ಎತ್ತಿ ಹಿಡಿದದ್ದು 60 ಲಕ್ಷ. ಘೋಷಣೆಯ ಲೆಕ್ಕಕ್ಕೂ ನ್ಯಾಯದ ಲೆಕ್ಕಕ್ಕೂ ಎಷ್ಟು ಅಂತರ ನೋಡಿ. ಕೋರ್ಟುಗಳೂ ಯಾವಾಗಲೂ ಧಾರಾಳಿಗಳಲ್ಲ ಅನ್ನಿ. ದಿಲ್ಲಿಯ ಉಪಹಾರ್ ಟಾಕೀಸಿನ ಬೆಂಕಿಯಲ್ಲಿ 1997ರಲ್ಲಿ 59 ಮಂದಿ ಸತ್ತರು. ಹೈಕೋರ್ಟ್ ಕೊಟ್ಟಿದ್ದ 18 ಲಕ್ಷ, 15 ಲಕ್ಷದ ಮೊತ್ತವನ್ನು 2011ರಲ್ಲಿ ಸುಪ್ರೀಂ ಕೋರ್ಟ್ 10 ಲಕ್ಷಕ್ಕೂ ಏಳೂವರೆ ಲಕ್ಷಕ್ಕೂ ಇಳಿಸಿತು. ಅದೂ 14 ವರ್ಷದ ಮೇಲೆ!

ಇನ್ನು ಅಂಗಡಿಕಾರರು, ಹೋಟೆಲಿನವರು. ಇವರು ಎರಡೂ ಕಡೆ ನಿಲ್ಲಬೇಕಾದವರು. ಸಿಲಿಂಡರಿನ ಬೆಂಕಿಗೆ ಎಣ್ಣೆ ಕಂಪನಿಗಳೇ ಕಂತು ಕಟ್ಟಿ ಮಾಡಿಸಿದ ವಿಮೆ ಉಂಟು: ಸಾವಿಗೆ 6 ಲಕ್ಷ, ಚಿಕಿತ್ಸೆಗೆ ತಲಾ 2 ಲಕ್ಷದವರೆಗೆ, ಆಸ್ತಿ ನಷ್ಟಕ್ಕೆ 2 ಲಕ್ಷದವರೆಗೆ. ಗ್ರಾಹಕ ಬೇರೆ ಕಂತು ಕಟ್ಟಬೇಕಿಲ್ಲ. ಏಜೆನ್ಸಿಗೆ ಕೂಡಲೇ ಲಿಖಿತ ತಿಳಿಸಬೇಕು. ಆದರೆ ಇದು ನೋಂದಾಯಿಸಿದ ಜಾಗಕ್ಕೆ ಇರುವ ವಿಮೆ. ಮನೆಯ ಸಿಲಿಂಡರ್ ತಂದು ಮಿರ್ಚಿ ಬಜಿ ಬಾಣಲೆ ಕೆಳಗೆ ಇಟ್ಟವರು ಏನು ಕೇಳುತ್ತಾರೆ? ಉಳಿದ ದುಡ್ಡಿನಾಸೆಗೆ ಅಂಗಡಿಯೂ ಹೋಯಿತು, ವಿಮೆಯೂ ಹೋಯಿತು. ಮೇಲಾಗಿ ಆ ಬಾಣಲೆ ಮುಂದೆ ನಿಂತ ಹುಡುಗನ ಮೈ ಸುಟ್ಟರೆ ಪರಿಹಾರ ಧಣಿಯ ಗಲ್ಲೆಯಿಂದಲೇ. ಕೆಲಸದ ಹೊತ್ತಿನಲ್ಲಿ, ಕೆಲಸದಿಂದಾದ ಗಾಯಕ್ಕೆ ಮಾಲೀಕ ಹೊಣೆ ಎಂಬುದು 1923ರ ಕಾಯ್ದೆಯಿಂದ ನಡೆದು ಬಂದದ್ದು. 2025ರ ನವೆಂಬರ್ 21ರಿಂದ ಅದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಆಸ್ಪತ್ರೆ ಬಿಲ್ಲು ಕೊಟ್ಟು ಊರಿಗೆ ಬಸ್ ಹತ್ತಿಸಿದರೆ ತೀರಿತು ಎಂದುಕೊಂಡ ಧಣಿಗಳು ಹಡಗಲಿ, ಹರಪನಹಳ್ಳಿ ಪೇಟೆಗಳಲ್ಲಿ ಇಲ್ಲವೇ?

ಸುಟ್ಟ ಗಾಯದ ಲೆಕ್ಕ ಮುರಿದ ಕಾಲಿನ ಲೆಕ್ಕದಂತಲ್ಲ. ಮುರಿದ ಎಲುಬು ಕೂಡುತ್ತದೆ. ಆಳವಾಗಿ ಸುಟ್ಟ ಚರ್ಮ ವಾಸಿಯಾಗುತ್ತಾ ಬಿಗಿಯುತ್ತದೆ, ಬೆರಳು ಮಡಚಿಕೊಳ್ಳುತ್ತವೆ, ಬೆಳೆಯುವ ಮಕ್ಕಳಿಗೆ ಮತ್ತೆ ಮತ್ತೆ ಆಪರೇಷನ್. ಮೊದಲ ಆಸ್ಪತ್ರೆ ಬಿಲ್ಲಿನಷ್ಟೇ ಕೇಳಿ ರಾಜಿಯಾದವರು ಮುಂದಿನದನ್ನೆಲ್ಲ ಕೈಯಿಂದ ಹಾಕುತ್ತಾರೆ. 2011ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಮುಂದಿನ ಚಿಕಿತ್ಸೆ, ನೋವು, ಬದುಕಿನ ಸುಖ ಕಳೆದದ್ದು, ಮದುವೆಗೆ ಬಂದ ಅಡ್ಡಿ ಎಲ್ಲಕ್ಕೂ ಬೆಲೆ ಕಟ್ಟಬೇಕು. ಡಾಕ್ಟರು ಬರೆದ ಅಂಗವೈಕಲ್ಯದ ಶೇಕಡಾ ಬೇರೆ, ದುಡಿಮೆ ಹೋದ ಶೇಕಡಾ ಬೇರೆ. ಎಡಗೈ ಹೋದ ಗುಮಾಸ್ತ ತನ್ನ ಕೆಲಸ ಉಳಿಸಿಕೊಂಡಾನು, ಎಡಗೈ ಹೋದ ಡ್ರೈವರಿಗೂ ಬಡಗಿಗೂ ಎಲ್ಲವೂ ಹೋದಂತೆ. ಹಡಗಲಿಯ ಲೆಕ್ಕದಲ್ಲಿ ಹೇಳುವುದಾದರೆ, ಮಲ್ಲಿಗೆ ಮೊಗ್ಗು ಕಟ್ಟುವ ಹೆಂಗಸಿನ ನಾಲ್ಕು ಬೆರಳು ಸುಟ್ಟು ಬಿಗಿದರೆ ಸರ್ಟಿಫಿಕೇಟಿನಲ್ಲಿ ಎಷ್ಟೇ ಬರೆದಿರಲಿ, ಅವಳ ಕೂಲಿ ಪೂರಾ ಹೋಯಿತು. ಇದನ್ನು ಅರ್ಜಿಯಲ್ಲಿ ಬರೆಸದಿದ್ದರೆ ಜಡ್ಜ್ ಸಾಹೇಬರಿಗೆ ಕನಸು ಬೀಳುತ್ತದೆಯೇ?

ವಾಯಿದೆ ಎಲ್ಲಕ್ಕೂ ಒಂದೇ ಅಲ್ಲ. ವಾಹನದ್ದಾದರೆ ಆರು ತಿಂಗಳು ಎಂದು ತಿದ್ದುಪಡಿ ಬರೆದಿದೆ. ತಡವಾದ ಅರ್ಜಿಗಳನ್ನು ಅದೇ ಕಾರಣಕ್ಕೆ ವಜಾ ಮಾಡಬೇಡಿ ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ಕೊಟ್ಟಿತು. ಅದನ್ನು ನಂಬಿ ಕೂರುವುದಕ್ಕಿಂತ ಆರು ತಿಂಗಳೊಳಗೆ ಹಾಕುವುದೇ ಸೈ. ಗ್ರಾಹಕ ಆಯೋಗಕ್ಕೆ ಎರಡು ವರ್ಷ. ಸಾವಿನ ಪರಿಹಾರಕ್ಕೆ ಸಿವಿಲ್ ದಾವೆಯೂ ಎರಡು ವರ್ಷದೊಳಗೆ.

ವಕೀಲರ ಫೀಜಿಗೆ ದುಡ್ಡಿಲ್ಲ ಅನ್ನುವವರು 1987ರ ಕಾನೂನು ಸೇವೆಗಳ ಕಾಯ್ದೆ ಕೇಳಿ ತಿಳಿದುಕೊಳ್ಳಬೇಕು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರಿಗೆ ವರಮಾನ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲೇ ವಕೀಲರು. ಹಡಗಲಿ ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿ ಎಂದು ಕೇಳಿ, ಆಸ್ಪತ್ರೆ ಚೀಟಿ, ಎಫ್‌ಐಆರ್ ನಕಲು ಹಿಡಿದು ಹೋಗಿ ಒಂದು ಅರ್ಜಿ ಕೊಟ್ಟರಾಯಿತು.