ಹಣಕಾಸಿನ ಡಾಕ್ಟರೇಟ್

ವಾಣಿಜ್ಯದಲ್ಲಿ ಸ್ನಾತಕೋತ್ತರ ಪದವೀಧರರಾದ ತರುಣರೊಬ್ಬರು ಈಚೆಗೆ ಮನೆಗೆ ಬಂದು, ಹಣಕಾಸು ವಿಷಯದಲ್ಲಿ ಡಾಕ್ಟರೇಟ್ ಪಡೆಯಲು ಏನೇನು ಬೇಕೆಂದು ವಿಚಾರಿಸಿದರು. ನಿಯಮಾವಳಿಯನ್ನು ಅವರು ನನಗಿಂತ ಚೆನ್ನಾಗಿ ಓದಿಕೊಂಡಿದ್ದರು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2022ರ ನಿಬಂಧನೆಗಳ ಮೇರೆಗೆ ಸ್ನಾತಕೋತ್ತರ ಪರೀಕ್ಷೆಯಲ್ಲಿ ಶೇಕಡ 55 ಅಂಕ, ಅಥವಾ ನಾಲ್ಕು ವರ್ಷದ ಪದವಿಯಲ್ಲಿ ಶೇಕಡ 75. ಪ್ರವೇಶ ಪರೀಕ್ಷೆ, ಸಂದರ್ಶನ. 12ರಿಂದ 16 ಕ್ರೆಡಿಟ್‌ಗಳ ಪಾಠಕ್ರಮ. ಮೂರು ವರ್ಷಕ್ಕೆ ಕಡಮೆಯಿಲ್ಲದ, ಸಾಮಾನ್ಯವಾಗಿ ಆರನ್ನು ಮೀರದ ಅವಧಿ. ಕೊನೆಗೆ ಹೊರಗಿನ ಇಬ್ಬರು ಪರೀಕ್ಷಕರ ಒಪ್ಪಿಗೆ, ಮೌಖಿಕ ಪರೀಕ್ಷೆ. ಇಷ್ಟನ್ನೂ ಬೆರಳು ಮಡಿಸಿ ಎಣಿಸಿ, “ಇನ್ನೇನಾದರೂ ಉಂಟೇ, ಸಾರ್?” ಎಂದರು.

ಉಂಟು, ಆದರೆ ಅದು ಬೆರಳೆಣಿಕೆಗೆ ಸಿಕ್ಕುವಂಥದಲ್ಲ. 1900ರಲ್ಲಿ ಲೂಯಿ ಬಾಶೆಲಿಯೆ ಎಂಬವರು ಪ್ಯಾರಿಸಿನಲ್ಲಿ ಒಂದು ಗಣಿತ ಪ್ರಬಂಧವನ್ನು ಒಪ್ಪಿಸಿದರು. ವಸ್ತು ಯಾವುದೆನ್ನುವಿರಿ? ಸಟ್ಟಾ ವ್ಯಾಪಾರ! ಅಲ್ಲಿಯ ಪೇಟೆಯಲ್ಲಿ ಸರಕಾರಿ ಸಾಲಪತ್ರಗಳ ಬೆಲೆ ಏರಿಳಿಯುವ ಬಗೆಯನ್ನು ಸಂಭವನೀಯತೆಯ ಗಣಿತಕ್ಕೆ ಅಳವಡಿಸಿದ್ದರು; ಧೂಳಿಕಣಗಳ ಚಲನೆಯನ್ನು ಕುರಿತು ಐನ್‌ಸ್ಟೈನ್ ಇದೇ ಬಗೆಯ ಗಣಿತವನ್ನು ಬರೆದದ್ದು ಅದಾದ ಐದು ವರ್ಷಕ್ಕೆ. ಮಹಾಗಣಿತಜ್ಞ ಪ್ವಾಂಕರೆ ಅದನ್ನು ಓದಿ ಮೆಚ್ಚಿದರೂ ಅತ್ಯುನ್ನತ ಶ್ರೇಣಿ ಮಾತ್ರ ದೊರೆಯಲಿಲ್ಲ. 1946ರಲ್ಲಿ ತೀರಿಕೊಂಡ ಆ ಮನುಷ್ಯನಿಗೆ ತನ್ನ ಪ್ರಬಂಧ ಒಂದು ಶಾಸ್ತ್ರದ ಅಡಿಗಲ್ಲಾಗುವುದನ್ನು ಕಾಣುವ ಭಾಗ್ಯವಿರಲಿಲ್ಲ.

ಹ್ಯಾರಿ ಮಾರ್ಕೊವಿಟ್ಜ್ ಅವರ ಕಥೆ ಇನ್ನೂ ಸ್ವಾರಸ್ಯವಾದುದು. 1950ರ ದಶಕದಲ್ಲಿ ಶಿಕಾಗೋದಲ್ಲಿ ಅವರ ಮೌಖಿಕ ಪರೀಕ್ಷೆ ನಡೆದಾಗ ಮಿಲ್ಟನ್ ಫ್ರೀಡ್ಮನ್, ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಇದು ಅರ್ಥಶಾಸ್ತ್ರವೇ ಅಲ್ಲ ಎಂದು ಆಕ್ಷೇಪವೆತ್ತಿದರು. ಪದವಿಯೇನೋ ಬಂತು, 1990ರಲ್ಲಿ ಅದೇ ಕೆಲಸಕ್ಕೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವೂ ಬಂತು. ಫ್ರೀಡ್ಮನ್ನರ ಆಕ್ಷೇಪ ನಿಲ್ಲಲಿಲ್ಲವೆಂದು ನಗುವವರುಂಟು. ನನಗೆ ಅವರ ಮೇಲೆ ಗೌರವವೇ ಹೆಚ್ಚು: ಅವರು ಪ್ರಬಂಧವನ್ನು ಓದಿದ್ದರು.

ನಮ್ಮಲ್ಲಿ 2016ರ ನಿಬಂಧನೆ, ಪ್ರಬಂಧ ಒಪ್ಪಿಸುವ ಮುನ್ನ ಪತ್ರಿಕೆಯಲ್ಲಿ ಒಂದು ಲೇಖನ ಅಚ್ಚಾಗಿರಬೇಕೆಂದು ವಿಧಿಸಿತ್ತು. 2022ರಲ್ಲಿ ಅದನ್ನು ತೆಗೆದುಹಾಕಿದಾಗ ಮಟ್ಟ ಕುಸಿಯಿತೆಂದು ಮರುಗಿದವರು ಹಲವರು. ನಾನು ಮರುಗಲಿಲ್ಲ. ಹಣ ತೆತ್ತರೆ ಏನನ್ನಾದರೂ ಅಚ್ಚುಮಾಡುವ ಪತ್ರಿಕೆಗಳು ಅಣಬೆಯಂತೆ ಎದ್ದಿರುವಾಗ ಆ ನಿಯಮದಿಂದ ಹೊಟ್ಟೆ ತುಂಬಿದ್ದು ಯಾರದು? ಆದರೆ ಆ ಹೊರೆ ಈಗ ಪೂರ್ತಿಯಾಗಿ ಪರೀಕ್ಷಕರ ಹೆಗಲಿಗೆ ಬಂದಿದೆ. ನೂರಿನ್ನೂರು ಮಂದಿಗೆ ಪ್ರಶ್ನಾವಳಿ ಹಂಚಿ, ವಿದ್ಯಾವಂತರಿಗೆ ಮ್ಯೂಚುಯಲ್ ಫಂಡಿನ ಅರಿವು ಹೆಚ್ಚು ಎಂಬ ಮಹಾಸಿದ್ಧಾಂತವನ್ನು ಮಂಡಿಸುವ ಪ್ರಬಂಧವನ್ನು ಹಿಂದಿರುಗಿಸುವ ಧೈರ್ಯ ಎಷ್ಟು ಮಂದಿಗಿದೆ?

ಬಾಶೆಲಿಯೆ ತನ್ನೂರ ಪೇಟೆಯನ್ನೇ ನೋಡಿ ಪ್ರಶ್ನೆ ಹುಟ್ಟಿಸಿಕೊಂಡರು. ನಮ್ಮಲ್ಲಿ ಪ್ರಶ್ನೆಗಳಿಗೆ ಬರವೇ? ಗದಗಿನ ಬಳಿಯ ಕಣಗಿನಹಾಳದಲ್ಲಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು 1905ರಲ್ಲಿ. ಮರುವರ್ಷ ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಷನ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಒಂದೇ ಜಿಲ್ಲೆ ಇಷ್ಟು ಬ್ಯಾಂಕುಗಳನ್ನು ಹೆತ್ತುದೇಕೆ? 2019 ಮತ್ತು 2020ರ ವಿಲೀನಗಳಲ್ಲಿ ಕೆನರಾ ಹೊರತು ಮಿಕ್ಕ ಮೂರರ ಹೆಸರೂ ಅಳಿದ ಮೇಲೆ ಅಲ್ಲಿಯ ಸಣ್ಣ ಸಾಲಗಾರನ ಪಾಡೇನು? 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಎತ್ತುವ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಆ ಎರಡಾಣೆಯಲ್ಲಿ ಒಂದು ಪ್ರಬಂಧಕ್ಕಾಗುವಷ್ಟು ಗಣಿತವೂ ಇದೆ, ಮನುಷ್ಯಸ್ವಭಾವವೂ ಇದೆ.

ಇದನ್ನೆಲ್ಲ ಕೇಳಿದ ತರುಣರು, ಮಾರ್ಗದರ್ಶಕರು ಶೀರ್ಷಿಕೆಯನ್ನು ಆಗಲೇ ಗೊತ್ತುಮಾಡಿಬಿಟ್ಟಿದ್ದಾರೆಂದು ಸಂಕೋಚದಿಂದ ನುಡಿದರು. ಮೆಟ್ಟಿಲಿಳಿಯುವಾಗ ತಿರುಗಿ ನಿಂತು, ತಮ್ಮ ಬೀದಿಯ ಅಂಗಡಿಗಳಿಗೆ ಸಂಜೆ ಹೊತ್ತು ಪಿಗ್ಮಿಯವರೊಬ್ಬರು ಈಗಲೂ ಬರುತ್ತಾರೆ, ಅವರ ಲೆಕ್ಕದ ಪುಸ್ತಕ ನೋಡಲು ಸಿಕ್ಕೀತೇ ಎಂದು ಕೇಳಿದರು.